ಗುಳೆ ಹೋದವರೂ ನಮ್ಮ ಸದಸ್ಯರೇ

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರದ ದೀಪ ಹಚ್ಚಿದರು. ಅದರ ಬೆಳಕು ಕುಷ್ಟಗಿ ಸೀಮೆಯ ನಮ್ಮ ಊರಿಗೆ ಬರಲು ತಡವಾಯಿತು. ಸಂಘ ಹುಟ್ಟಿದ ಬೆನ್ನಿಗೇ 2001ರಿಂದ ಸತತ ಮೂರು ವರ್ಷ ಬರ ಬಿತ್ತು. ನಾವು ಬರದ ಜೊತೆಗೇ ಬೆಳೆದವರು.

ಈಗಿನ ಬರದ ರೀತಿ ಬೇರೆ. ಮಳೆ ಬರ್ತದ, ಹದಕ್ಕೆ ಬರೋದಿಲ್ಲ. ಭೂಮಿಯ ಬಿಸಿ ಏರಿದಷ್ಟೂ ಇದು ಹೆಚ್ಚುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ. 2023ರಲ್ಲಿ ದೇಶಕ್ಕೆ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್ ತಿಂಗಳು ಬಂತು. ಸಜ್ಜೆ ತೆನೆಯಲ್ಲಿ ಕಾಳು ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತು.

ಮಳೆ ಹೋದ ದಿನವೇ ಯಾರೂ ಊರು ಬಿಡುವುದಿಲ್ಲ. ಮೊದಲು ಮೇವು ತೀರ್ತದ. ಆಮೇಲೆ ಎತ್ತು ಅರ್ಧ ಬೆಲೆಗೆ ಸಂತೆಗೆ ಹೋಗ್ತಾವ. ನಂತರ ಮೇಸ್ತ್ರಿಯ ಮುಂಗಡ. ಕಡೆಗೆ ಬೆಂಗಳೂರು, ಮಂಗಳೂರಿನ ಬಸ್ಸು. ಮನೆಗೆ ಬೀಗ, ಇಲ್ಲವೇ ಕಟ್ಟೆಯ ಮೇಲೆ ಮುದುಕರು. ಮಕ್ಕಳ ಶಾಲೆ ಅರ್ಧಕ್ಕೇ ನಿಲ್ತದ. ಮುಂದೆ ಮಳೆ ಬಂದರೂ ಎತ್ತು ಮಾರಿದವನು ಯಾವುದರಿಂದ ಹೊಲ ಹೂಡ್ಯಾನು?

ಆ ಬರದಲ್ಲಿ ಮಳೆಯಾಶ್ರಿತ ಬೆಳೆಗೆ ಪರಿಹಾರದ ದರ ಹೆಕ್ಟೇರಿಗೆ 8,500 ರೂಪಾಯಿ. ಎಕರೆಗೆ ಸುಮಾರು 3,400. ಅದೂ ಪಹಣಿಯಲ್ಲಿ ಹೆಸರಿದ್ದವರಿಗೆ. ಪಾಲಿಗೆ ಮಾಡಿದವರಿಗೆ, ಕೂಲಿಯವರಿಗೆ ಅದರಲ್ಲಿ ಏನೂ ಇಲ್ಲ.

ಹಬ್ಬದ ದಿನ ನಮ್ಮ ತಪ್ಪನ್ನೂ ಹೇಳಬೇಕು. ನಾವು ನಿರ್ದೇಶಕರು ವಸೂಲಿಯ ಲೆಕ್ಕ ನೋಡಿದೆವೇ ಹೊರತು ಬೀಗ ಬಿದ್ದ ಮನೆ ಎಣಿಸಲಿಲ್ಲ. ಗುಳೆ ಹೋದವರು ಮಹಾಸಭೆಗಳಿಗೆ ಬರಲಿಲ್ಲವೆಂದು ಮತದಾರರ ಪಟ್ಟಿಯಿಂದ ಅವರ ಹೆಸರು ಬಿಟ್ಟೆವು. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಸಭೆಯ ತಾರೀಖನ್ನು ಅವರಿಗೆ ಮುಟ್ಟಿಸಿದವರು ಯಾರು? ಯುಗಾದಿಗೆ ಬಂದ ಒಬ್ಬ ಷೇರುದಾರರು, "ಊರಾಗ ಮನಿ ಐತ್ರಿ, ಸಂಘದಾಗ ಹೆಸರಿಲ್ಲ" ಅಂದರು. ನಾವು ತಲೆ ತಗ್ಗಿಸಿದೆವು.

ಆದ್ದರಿಂದ ಮೂರು ಕೆಲಸ ಆಗಬೇಕು. ಒಂದು, ಒಳ್ಳೆಯ ವರ್ಷ ಸುಗ್ಗಿಯಲ್ಲೇ ಸಂಘ ಜೋಳದ ಕಣಿಕೆ ಕೊಂಡು ಬಣವೆ ಒಟ್ಟಬೇಕು. ಬರದಲ್ಲಿ ಅದೇ ಬೆಲೆಗೆ ಕೊಡಬೇಕು. ಎರಡು, ಬರ ಸಾರಿದ ಕಡೆ ಬೆಳೆಸಾಲವನ್ನು ಮಧ್ಯಮಾವಧಿಗೆ ಬದಲಿಸಲು ಅವಕಾಶವಿದೆ. ಆ ಅರ್ಜಿಯನ್ನು ನಾವೇ ಮನೆಮನೆಗೆ ಹೋಗಿ ಬರೆಸಬೇಕು. ಮೂರು, ಮಹಾಸಭೆಯ ತಾರೀಖನ್ನು ಗುಳೆ ಹೋದವರಿಗೆ ತಿಂಗಳ ಮುಂಚೆ ಫೋನಿನಲ್ಲಿ ತಿಳಿಸಬೇಕು.

ಮಳೆ ನಮ್ಮ ಕೈಯಲ್ಲಿಲ್ಲ. ಎತ್ತು ಉಳಿಸೋದು, ಹೆಸರು ಉಳಿಸೋದು ನಮ್ಮ ಕೈಯಲ್ಲಿದೆ.