ಕಾಫಿ ಎಲೆಯ ತುಕ್ಕು: ಜೀವಕೋಶದೊಳಗಿನ ಕಥೆ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



‘ಜೀವಕೋಶ ಮತ್ತು ರೋಗ’ ಎಂಬ ವಿಷಯದ ಮೇಲೆ ಎಲ್ಲರಿಗೂ ತಿಳಿಯುವಂತೆ ಮಾತಾಡಬೇಕು ಎಂದು ಸಮಿತಿಯವರು ಹೇಳಿದ್ದಾರೆ. ಉದಾಹರಣೆಗೆ ದೂರ ಹೋಗುವುದಿಲ್ಲ. ಮೂಡಿಗೆರೆ, ಕಳಸ, ಬಾಳೆಹೊನ್ನೂರು ಸೀಮೆಯಲ್ಲಿ ಕಾಫಿ ಎಲೆಯನ್ನು ಮಗುಚಿ, ಅಡಿಯಲ್ಲಿ ಅರಿಸಿನದ ಪುಡಿಯಂಥ ಚುಕ್ಕೆ ನೋಡಿ ನಿಟ್ಟುಸಿರು ಬಿಡದ ಬೆಳೆಗಾರ ಇಲ್ಲ. ಆ ಎಲೆ ತುಕ್ಕು ರೋಗದ ಬಗ್ಗೆಯೇ ಇವತ್ತು ಮಾತಾಡುತ್ತೇನೆ.

ಈ ರೋಗ ತರುವ ಶಿಲೀಂಧ್ರದ ಹೆಸರು ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್. 1869ರಲ್ಲಿ ಸಿಲೋನಿನಿಂದ ಬಂದ ಎಲೆಗಳನ್ನು ನೋಡಿ ಇಂಗ್ಲೆಂಡಿನ ವಿಜ್ಞಾನಿಗಳು ಈ ಹೆಸರಿಟ್ಟರು. ಎರಡನೆಯ ಪದಕ್ಕೆ ‘ಹಾಳುಗೆಡವುವಂಥದ್ದು’ ಎಂದರ್ಥ. ಹೆಸರಿಗೆ ತಕ್ಕಂತೆ ಕೆಲವೇ ದಶಕಗಳಲ್ಲಿ ಸಿಲೋನಿನ ಕಾಫಿ ಅಳಿದು, ಆ ಜಾಗಕ್ಕೆ ಟೀ ಬಂತು.

ರೋಗ ನಡೆಯುವ ಬಗೆ ಹೀಗೆ. ಗಾಳಿಯಲ್ಲೋ ಮಳೆಹನಿಯ ಸಿಡಿತದಲ್ಲೋ ಬಂದ ಶಿಲೀಂಧ್ರದ ಬೀಜಕಣ ಎಲೆಯ ಅಡಿಭಾಗದಲ್ಲಿ ಕೂರುತ್ತದೆ. ಎಲೆ ಕೆಲವು ಗಂಟೆ ಒದ್ದೆಯಾಗಿಯೇ ಇದ್ದರೆ ಮೊಳೆಯುತ್ತದೆ. ಮೊಳಕೆ ತೆವಳುತ್ತಾ ಎಲೆ ಉಸಿರಾಡುವ ಪತ್ರರಂಧ್ರವನ್ನು ಹುಡುಕಿ ಒಳಹೊಗುತ್ತದೆ. ಕಾಫಿ ಎಲೆಯಲ್ಲಿ ಪತ್ರರಂಧ್ರಗಳಿರುವುದು ಅಡಿಭಾಗದಲ್ಲಿ ಮಾತ್ರ. ಬೋರ್ಡೋ ದ್ರಾವಣ ಎಲೆಯ ಅಡಿಗೆ ಬೀಳಬೇಕು ಎಂದು ಹಿರಿಯರು ಗದರುತ್ತಿದ್ದದ್ದು ಇದಕ್ಕೇ. ಮೈಲುತುತ್ತದ ತಾಮ್ರ ಮೊಳೆಯುವ ಕಣವನ್ನು ಹೊರಗೇ ಕೊಲ್ಲುತ್ತದೆ. ಒಳಗೆ ಹೊಕ್ಕಿದ್ದನ್ನು ಅದು ಮುಟ್ಟಲಾರದು. ಆದ್ದರಿಂದಲೇ ಮಳೆಗಾಲ ಹಿಡಿಯುವ ಮೊದಲೇ ಹೊಡೆಯಬೇಕು.

ಒಳಗೆ ಹೋದ ಶಿಲೀಂಧ್ರ ಜೀವಕೋಶವನ್ನು ಕೂಡಲೇ ಕೊಲ್ಲುವುದಿಲ್ಲ. ಕೊಂದರೆ ಅದಕ್ಕೇ ಊಟವಿಲ್ಲ. ಗಾಳಿ ತುಂಬಿದ ಬಲೂನಿಗೆ ಬೆರಳು ಒತ್ತಿದರೆ ಬಲೂನು ಒಡೆಯದೆ ಬೆರಳಿನ ಸುತ್ತ ಒಳಕ್ಕೆ ತಗ್ಗುತ್ತದಲ್ಲ, ಹಾಗೆ ಕೋಶದ ಪೊರೆ ಹರಿಯದಂತೆ ಒಂದು ಹೀರುಕೊಂಬೆಯನ್ನು ತೂರಿಸುತ್ತದೆ. ಅದರ ಮೂಲಕ ಸಕ್ಕರೆ ಮೊದಲಾದವನ್ನು ಹೀರುತ್ತದೆ. ಜೊತೆಗೆ ಕೆಲವು ಪ್ರೋಟೀನುಗಳನ್ನು ಕೋಶದೊಳಕ್ಕೆ ಬಿಡುತ್ತದೆ. ಅವುಗಳ ಕೆಲಸ ಗಿಡದ ಕಾವಲನ್ನು ಮಲಗಿಸುವುದು. ಕೆಲವು ವಾರಗಳ ನಂತರ ನಮ್ಮ ಕಣ್ಣಿಗೆ ಕಾಣುವ ಹಳದಿ ಪುಡಿ ಈ ಕಳ್ಳತನದ ಕೊನೆಯ ಹಂತ.

ಹಾಗಾದರೆ ಕೆಲವು ಗಿಡಗಳಿಗೆ ಏಕೆ ರೋಗ ತಗುಲುವುದಿಲ್ಲ? ಅವುಗಳ ಜೀವಕೋಶದೊಳಗೆ ಆ ಪ್ರೋಟೀನುಗಳ ಗುರುತು ಹಿಡಿಯುವ ಕಾವಲು ಪ್ರೋಟೀನುಗಳಿವೆ. ಗುರುತು ಸಿಕ್ಕ ಕೂಡಲೇ ಆ ಕೋಶ ತಾನೇ ಸಾಯುತ್ತದೆ. ಸುತ್ತಲಿನ ಕೆಲವು ಕೋಶಗಳೂ ಸಾಯುತ್ತವೆ. ಜೀವಂತ ಕೋಶವಿಲ್ಲದೆ ಶಿಲೀಂಧ್ರ ಅಲ್ಲೇ ಉಪವಾಸ ಬೀಳುತ್ತದೆ. ಬೆಂಕಿ ಹರಡದಿರಲಿ ಎಂದು ಒಂದು ಪಟ್ಟಿ ಹುಲ್ಲನ್ನು ನಾವೇ ಸುಟ್ಟುಬಿಡುತ್ತೇವಲ್ಲ, ಹಾಗೆ.

ಈ ಕಥೆಯಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಸ್ಥಾನವಿದೆ. ಆಗ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ ಅವರ ಮುತುವರ್ಜಿಯಿಂದ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಅದಕ್ಕೂ ಮೊದಲು, 1911ರ ಸುಮಾರಿಗೆ, ಕೆಂಟ್ ಎಂಬ ಪ್ಲಾಂಟರ್ ತುಕ್ಕು ತಾಗದ ಒಂದು ಗಿಡವನ್ನು ತೋಟದಲ್ಲಿ ಗುರುತಿಸಿದ್ದರು. ‘ಕೆಂಟ್ಸ್’ ತಳಿ ಮನೆಮಾತಾಯಿತು. ಕೆಲವು ವರ್ಷ ಕಳೆದ ಮೇಲೆ ಅದಕ್ಕೂ ತುಕ್ಕು ಬಂತು. ಗೊಬ್ಬರ ಸಾಲದು, ಮಣ್ಣು ಸರಿಯಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಬಾಳೆಹೊನ್ನೂರಿನ ವಿಜ್ಞಾನಿ ವಿಲ್ಸನ್ ಮೇನ್ ಅವರು ಬೇರೆ ಬೇರೆ ಕಡೆಯ ತುಕ್ಕನ್ನು ಬೇರೆ ಬೇರೆ ತಳಿಗಳ ಎಲೆಗೆ ಹಾಕಿ ನೋಡಿದರು. ನೋಡಲು ಒಂದೇ ಆದರೂ ತುಕ್ಕಿನಲ್ಲಿ ಹಲವು ಪಂಗಡಗಳಿವೆ, ಒಂದಕ್ಕೆ ಬಾಗದ ಗಿಡ ಇನ್ನೊಂದಕ್ಕೆ ಬಾಗುತ್ತದೆ ಎಂದು 1932ರಲ್ಲಿ ತೋರಿಸಿದರು. ಕಾಫಿ ತುಕ್ಕಿನ ವಿಷಯದಲ್ಲಿ ಇದು ಜಗತ್ತಿನಲ್ಲೇ ಮೊದಲು. ಮುಂದೆ ಪೋರ್ಚುಗಲ್‌ನಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ನಿಂತಿತು. ಇಂದು ಗೊತ್ತಿರುವ ಪಂಗಡಗಳು 50ಕ್ಕೂ ಹೆಚ್ಚು.

ನಮ್ಮೆಲ್ಲರ ತೋಟದ ಎಸ್. 795 ಕೂಡ ಬಾಳೆಹೊನ್ನೂರಿನ ಕೂಸು. ಕೆಂಟ್ಸ್ ತಳಿಗೆ, ಲೈಬೀರಿಕಾ ಕಾಫಿಯ ರಕ್ತ ಬೆರೆತ ಎಸ್. 288 ತಳಿಯನ್ನು ಕೂಡಿಸಿ ಬೆಳೆಸಿ, 1940ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟರು. ಲೈಬೀರಿಕಾದಿಂದ ಬಂದ ತುಕ್ಕು ತಡೆಯುವ ವಂಶವಾಹಿಗೆ ಎಸ್‌ಎಚ್ 3 ಎಂದು ಹೆಸರು. ವರ್ಣತಂತುವಿನ ಆ ಭಾಗವನ್ನು ವಿಜ್ಞಾನಿಗಳು ಇತ್ತೀಚೆಗೆ ಅಕ್ಷರ ಅಕ್ಷರವಾಗಿ ಓದಿದ್ದಾರೆ. ಅಲ್ಲಿ ಸಿಕ್ಕಿದ್ದು, ನಾನು ಈಗ ಹೇಳಿದ ಕಾವಲು ಪ್ರೋಟೀನುಗಳನ್ನು ತಯಾರಿಸುವ ಜಾತಿಯ ವಂಶವಾಹಿಗಳ ಗುಂಪು. ಆದರೆ ಎಸ್. 795 ಎಲೆಯಲ್ಲೂ ಈಗ ತುಕ್ಕು ಕಾಣುತ್ತದೆ. ಆಮೇಲೆ ಬಂದ ಕಾವೇರಿ ತಳಿಯ ಕಥೆಯೂ ಅದೇ. 2007ರಲ್ಲಿ ತುಕ್ಕು ಚೆನ್ನಾಗಿ ತಡೆಯುವ ತಳಿಯೆಂದು ಚಂದ್ರಗಿರಿ ಬಂತು.

ಯಾಕೆ ಹೀಗೆ? ಕಾವಲುಗಾರ ಕಳ್ಳನ ಮುಖವನ್ನಷ್ಟೇ ಬಲ್ಲ. ಕೋಟಿಗಟ್ಟಲೆ ಬೀಜಕಣಗಳಲ್ಲಿ ಯಾವುದೋ ಒಂದರ ಪ್ರೋಟೀನು ಸ್ವಲ್ಪ ಬದಲಾದರೆ, ಇಲ್ಲವೇ ಕಳೆದುಹೋದರೆ, ಗುರುತು ತಪ್ಪುತ್ತದೆ. ಸಾಲು ಸಾಲು ಬೆಟ್ಟದಲ್ಲಿ ಒಂದೇ ತಳಿ ಇದ್ದರೆ ಆ ಒಂದು ಕಣಕ್ಕೆ ಇಡೀ ಸೀಮೆಯೇ ತೆರೆದ ಮನೆ. ರೋಗ ತಡೆಯುವ ಶಕ್ತಿ ಗಿಡದೊಂದಿಗೆ ಶಾಶ್ವತವಾಗಿ ಬರುವ ಆಸ್ತಿಯಲ್ಲ. ಅದು ಗಿಡ ಮತ್ತು ಶಿಲೀಂಧ್ರದ ನಡುವೆ ಸದ್ಯಕ್ಕಿರುವ ಸ್ಥಿತಿ.

ಅರೇಬಿಕಾ ಕಾಫಿಗೆ ಈ ಅಪಾಯ ಹೆಚ್ಚು. 2024ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಅದರ ಜೀನೋಮಿನ ಅಧ್ಯಯನ ಪ್ರಕಟಿಸಿದರು. ಸುಮಾರು 6 ಲಕ್ಷ ವರ್ಷಗಳ ಹಿಂದೆ ಎರಡು ಕಾಡು ಕಾಫಿ ಜಾತಿಗಳು ತಾವಾಗಿ ಕೂಡಿ ಅರೇಬಿಕಾ ಹುಟ್ಟಿತು, ಅದರೊಳಗಿನ ವೈವಿಧ್ಯ ಬಹಳ ಕಡಿಮೆ ಎನ್ನುತ್ತದೆ ಆ ಅಧ್ಯಯನ. ಬಾಬಾ ಬುಡನ್ ಅವರು ಏಳು ಬೀಜ ತಂದರು ಎಂಬ ಪ್ರತೀತಿ ನಮ್ಮಲ್ಲಿದೆ. ಕೆಲವೇ ಬೀಜಗಳಿಂದ ಇಷ್ಟು ದೊಡ್ಡ ಬೆಳೆ ಬಂದಿದೆ ಎನ್ನುವುದು ಹೆಮ್ಮೆಯೂ ಹೌದು, ಎಚ್ಚರಿಕೆಯೂ ಹೌದು.

ಇದು ಗಿಡದ ಮಾತಷ್ಟೇ ಅಲ್ಲ. ಇಂಥದೇ ರಚನೆಯ ಕಾವಲು ಪ್ರೋಟೀನುಗಳು ನಮ್ಮ ದೇಹದ ಜೀವಕೋಶಗಳಲ್ಲೂ ಇವೆ. ಲಸಿಕೆ ಎಂದರೆ ಶತ್ರುವಿನ ಮುಖವನ್ನು ದೇಹಕ್ಕೆ ಮೊದಲೇ ತೋರಿಸಿಡುವುದು. ಫ್ಲೂ ಮತ್ತು ಕೋವಿಡ್ ವೈರಸ್ಸುಗಳು ಮುಖ ಬದಲಿಸಿದ್ದರಿಂದಲೇ ಲಸಿಕೆಯನ್ನೂ ಬದಲಿಸಬೇಕಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಈಗ ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯಲ್ಲೂ ಇದೆ. ಉಣ್ಣೆಯಿಂದ ಬರುವ ಆ ಜ್ವರವನ್ನು ದೈವದ ಮುನಿಸೆಂದು ಬಿಡದೆ ಬೇಗ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಕೊನೆಯದಾಗಿ ಕೆಲವು ಮಾತು. ಬೆಳೆಗಾರ ಮಿತ್ರರೇ, ಹಳೆಯ ಗಿಡ ಕಿತ್ತು ಹೊಸದು ಹಾಕುವಾಗ ಇಡೀ ತೋಟಕ್ಕೆ ಒಂದೇ ತಳಿ ಬೇಡ. ಮೂಲ ಗೊತ್ತಿಲ್ಲದ ಬೀಜ ಬೇಡ, ಕಾಫಿ ಮಂಡಳಿಯಲ್ಲಿ ವಿಚಾರಿಸಿ. ಹೊಸ ತಳಿ ಬಂತೆಂದು ಬೋರ್ಡೋ, ಮರಗಸಿ, ಗಿಡದ ಕಸಿ ಬಿಡಬೇಡಿ. ಅವು ಎಲೆ ಬೇಗ ಒಣಗುವಂತೆಯೂ ಕಣ ಮೊಳೆಯದಂತೆಯೂ ನೋಡಿಕೊಳ್ಳುತ್ತವೆ. ತಡೆಯುವ ತಳಿಯ ಆಯುಸ್ಸನ್ನೂ ಹೆಚ್ಚಿಸುತ್ತವೆ.

ಹಳೆಯ ವಿದ್ಯಾರ್ಥಿ ಸಂಘಕ್ಕೆ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತಿದೆ. ಕಟ್ಟಿಸೋಣ. ಜೊತೆಗೆ ಪ್ರಯೋಗಾಲಯಕ್ಕೆ ನಾಲ್ಕು ಒಳ್ಳೆಯ ಸೂಕ್ಷ್ಮದರ್ಶಕಗಳನ್ನೂ ಕೊಡೋಣ. ಮಕ್ಕಳೇ, ತುಕ್ಕು ಹಿಡಿದ ಒಂದು ಎಲೆ ತಂದು ಅದರ ಅಡಿಯನ್ನು ನೋಡಿ. ಯಾವ ತೋಟದಲ್ಲಿ, ಯಾವ ತಳಿಯಲ್ಲಿ, ಯಾವ ತಿಂಗಳು ತುಕ್ಕು ಮೊದಲು ಕಂಡಿತು ಎಂದು ಪ್ರತಿ ವರ್ಷ ಒಂದು ಪುಸ್ತಕದಲ್ಲಿ ಬರೆದಿಡಿ. ಬಾಳೆಹೊನ್ನೂರಿನ ದೊಡ್ಡ ಸಂಶೋಧನೆ ಶುರುವಾದದ್ದು ಇಂಥದೇ ತಾಳ್ಮೆಯ ನೋಟದಿಂದ. ಹತ್ತು ವರ್ಷದ ಅಂಥ ದಾಖಲೆ ಈ ಊರಿನ ಬೆಳೆಗಾರರಿಗೂ ವಿಜ್ಞಾನಿಗಳಿಗೂ ಬೆಲೆಬಾಳುತ್ತದೆ.

 ನಮ್ಮ ಶಾಲೆಗೆ ಇನ್ನೂ ನೂರು ಕಾಲ ಒಳ್ಳೆಯದಾಗಲಿ.