ನೋಡುವ ಯಂತ್ರಕ್ಕೊಬ್ಬ ಪರೀಕ್ಷಕ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯಿದೆ. ೬೧೫ ಎಕರೆಯ ಈ ಕಾರ್ಖಾನೆಗೆ ೨೦೧೬ರಲ್ಲಿ ಶಂಕುಸ್ಥಾಪನೆಯಾಯಿತು. ೨೦೨೩ರ ಫೆಬ್ರವರಿಯಲ್ಲಿ ಅದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಸೈನ್ಯಕ್ಕಾಗಿ ಹೆಲಿಕಾಪ್ಟರ್ ಕಟ್ಟಿದವರು ‘ಇದು ಹಾರಲು ಯೋಗ್ಯ’ ಎಂದು ತಮಗೆ ತಾವೇ ಪ್ರಮಾಣಪತ್ರ ಬರೆದುಕೊಳ್ಳುವಂತಿಲ್ಲ. ವಿನ್ಯಾಸವನ್ನು ಒರೆಗೆ ಹಚ್ಚಲು ಬೆಂಗಳೂರಿನಲ್ಲಿ ಸೆಮಿಲ್ಯಾಕ್ ಎಂಬ ಬೇರೆಯೇ ಕೇಂದ್ರವಿದೆ; ತಯಾರಿಕೆಯ ಗುಣಮಟ್ಟ ನೋಡಲು ಇನ್ನೊಂದು ನಿರ್ದೇಶನಾಲಯವಿದೆ. ಕಾರ್ಖಾನೆಯವರ ಪ್ರಾಮಾಣಿಕತೆಯಲ್ಲಿ ಸಂದೇಹಪಟ್ಟು ಹೀಗೆ ಮಾಡಿದ್ದಲ್ಲ. ತನ್ನ ಕೆಲಸದ ತಪ್ಪು ತನ್ನ ಕಣ್ಣಿಗೇ ಬೀಳುವುದು ಕಷ್ಟವೆಂಬ ಲೋಕಾನುಭವವೇ ಇದಕ್ಕೆ ಮೂಲ.

ಹಾರುವ ಯಂತ್ರಕ್ಕೆ ಇಂಥ ಪರೀಕ್ಷಕರಿದ್ದಾರೆ. ನಮ್ಮನ್ನು ನೋಡುವ ಯಂತ್ರಕ್ಕೆ ಇದ್ದಾರೆಯೇ? ಈ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಸರ್ಕಾರ ಪ್ರಜೆಗಳ ಮೇಲೆ ಕಣ್ಣಿಡುವುದು ಹೊಸ ಸಂಗತಿಯಲ್ಲ. ಆದರೆ ಹಿಂದೆ ಅದಕ್ಕೊಂದು ಸಹಜವಾದ ಮಿತಿಯಿತ್ತು. ಒಬ್ಬನ ದೂರವಾಣಿಯನ್ನು ಕದ್ದು ಕೇಳಬೇಕಾದರೆ ಮೇಲಿನವರ ಆಜ್ಞೆ ಬೇಕು, ಗಂಟೆಗಟ್ಟಲೆ ಕುಳಿತು ಕೇಳುವ ಮನುಷ್ಯ ಬೇಕು. ಎಲ್ಲರ ಮಾತನ್ನೂ ಕೇಳುವಷ್ಟು ಕಿವಿಗಳು ಯಾವ ಸರ್ಕಾರಕ್ಕೂ ಇರಲಿಲ್ಲ. ಆ ಮಿತಿಯೊಳಗೂ ಅನರ್ಥಗಳಾದವು. ೧೯೮೮ರ ಆಗಸ್ಟ್ ತಿಂಗಳಲ್ಲಿ, ದೂರವಾಣಿ ಕದ್ದಾಲಿಕೆಯ ವಿವಾದದ ನಡುವೆ, ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು.

೧೯೯೬ರಲ್ಲಿ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಕೆಲವು ಕಟ್ಟುಪಾಡುಗಳನ್ನು ಹಾಕಿತು. ಗೃಹ ಕಾರ್ಯದರ್ಶಿಯ ಆಜ್ಞೆಯಿರಬೇಕು. ಆಜ್ಞೆಗೆ ಎರಡು ತಿಂಗಳ ಅವಧಿ. ನವೀಕರಿಸಿದರೂ ಒಟ್ಟು ಆರು ತಿಂಗಳನ್ನು ಮೀರಬಾರದು. ಅದನ್ನು ಒಂದು ಸಮಿತಿ ಪರಿಶೀಲಿಸಬೇಕು. ಒಳ್ಳೆಯ ಮಾತೇ. ಆದರೆ ಆ ಸಮಿತಿಯಲ್ಲಿ ಕೂರುವವರು ಯಾರು? ಸರ್ಕಾರದ ಕಾರ್ಯದರ್ಶಿಗಳೇ. ೨೦೨೩ರ ದೂರಸಂಪರ್ಕ ಕಾಯ್ದೆ ಬಂದ ಮೇಲೂ ಈ ಏರ್ಪಾಡು ಬದಲಾಗಲಿಲ್ಲ. ಶಾಸಕರಿಗಾಗಲಿ ನ್ಯಾಯಾಧೀಶರಿಗಾಗಲಿ ಅಲ್ಲಿ ಸ್ಥಾನವಿಲ್ಲ.

ಈಗ ಬಂದಿರುವ ಯಂತ್ರವು ಹಳೆಯ ಮಿತಿಯನ್ನೇ ಅಳಿಸಿಹಾಕಿದೆ. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ನೆರವಿನಿಂದ ಸುರಕ್ಷಿತ ನಗರ ಯೋಜನೆ ನಡೆದು, ಸಾವಿರಾರು ಕ್ಯಾಮೆರಾಗಳನ್ನು ನೋಡುವ ಪೊಲೀಸ್ ಕೇಂದ್ರ ೨೦೨೩ರಲ್ಲಿ ತೆರೆಯಿತು. ನಮ್ಮ ತುಮಕೂರೂ ಸೇರಿದಂತೆ ಸ್ಮಾರ್ಟ್ ಸಿಟಿಯ ಪಟ್ಟಿಯಲ್ಲಿದ್ದ ೧೦೦ ನಗರಗಳಿಗೂ ಇಂಥ ನಿಯಂತ್ರಣ ಕೇಂದ್ರಗಳು ಬಂದಿವೆ. ಕ್ಯಾಮೆರಾ ಬರಿಯ ಕಣ್ಣು. ಅದಕ್ಕೆ ಕೃತಕ ಬುದ್ಧಿಮತ್ತೆ ಸೇರಿದರೆ ಅದು ಗುರುತು ಹಿಡಿಯುವ ಕಣ್ಣಾಗುತ್ತದೆ. ಯಂತ್ರವು ನಿಮ್ಮ ಮುಖವನ್ನು ಅಂಕಿಗಳ ಸಾಲಾಗಿ ಮಾಡಿಕೊಂಡು, ತನ್ನ ಬಳಿಯಿರುವ ಚಿತ್ರಗಳ ಅಂಕಿಗಳೊಡನೆ ತಾಳೆ ನೋಡಿ, ‘ಇಷ್ಟು ಪಾಲು ಹೋಲುತ್ತದೆ’ ಎನ್ನುತ್ತದೆ. ‘ಇವನೇ ಅವನು’ ಎಂದು ಅದು ಎಂದೂ ಹೇಳಲಾರದು. ಎಷ್ಟು ಹೋಲಿದರೆ ಸಾಕೆಂದು ಗೆರೆ ಎಳೆಯುವವರು ಮನುಷ್ಯರು.

ಒಂದು ಲೆಕ್ಕ ಹಾಕೋಣ. ಯಂತ್ರವು ಸಾವಿರಕ್ಕೆ ಒಂದು ಸಲ ಮಾತ್ರ ತಪ್ಪುತ್ತದೆ ಎಂದಿಟ್ಟುಕೊಳ್ಳಿ. ಸಿದ್ಧಗಂಗೆಯ ಜಾತ್ರೆಗೆ ಒಂದು ಲಕ್ಷ ಜನ ಬಂದರೆ, ಏನೂ ಮಾಡದ ೧೦೦ ಮಂದಿ ಅನುಮಾನದ ಪಟ್ಟಿಗೆ ಬಿದ್ದರು. ಇದು ಕಾಗದದ ಮೇಲಿನ ಭಯವಷ್ಟೇ ಅಲ್ಲ. ಅಮೆರಿಕದಲ್ಲಿ ೨೦೨೦ರ ಜನವರಿಯಲ್ಲಿ, ಯಂತ್ರದ ತಪ್ಪು ಹೋಲಿಕೆಯನ್ನು ನಂಬಿದ ಡೆಟ್ರಾಯಿಟ್ ನಗರದ ಪೊಲೀಸರು ಮಾಡದ ಕಳ್ಳತನಕ್ಕಾಗಿ ಒಬ್ಬನನ್ನು ಹೆಂಡತಿ ಮಕ್ಕಳ ಎದುರಿಗೇ ಹಿಡಿದೊಯ್ದರು. ೨೦೨೪ರಲ್ಲಿ ಮೊಕದ್ದಮೆ ರಾಜಿಯಾದಾಗ, ಯಂತ್ರದ ಹೋಲಿಕೆಯೊಂದನ್ನೇ ನೆಚ್ಚಿ ಯಾರನ್ನೂ ಬಂಧಿಸಕೂಡದೆಂದು ನಿಯಮವಾಯಿತು.

‘ತಪ್ಪು ಮಾಡದವನಿಗೆ ಭಯವೇಕೆ?’ ಎಂದು ನೀವು ಕೇಳಬಹುದು. ಕಳೆದುಹೋದ ಮಗು ಸಿಕ್ಕೀತು, ರಾತ್ರಿ ಕೆಲಸ ಮುಗಿಸಿ ಬರುವ ಹೆಣ್ಣುಮಗಳಿಗೆ ಧೈರ್ಯ ಬಂದೀತು ಎನ್ನುವ ಮಾತೂ ನಿಜ. ಆದುದರಿಂದಲೇ ಯಂತ್ರವನ್ನು ಒಡೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಲೆಕ್ಕ ಕೇಳುವವರಿರಲಿ ಎನ್ನುತ್ತೇನೆ. ನಮ್ಮ ಹಿರಿಯ ನ್ಯಾಯಾಧೀಶರೊಬ್ಬರು, ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು, ಹೂಡಿದ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕಿಗೆ ಸರ್ಕಾರ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಇತ್ತ ೨೦೨೩ರ ವೈಯಕ್ತಿಕ ದತ್ತಾಂಶ ಕಾಯ್ದೆಯು, ದೇಶದ ಭದ್ರತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಯ ಕಾರಣಕ್ಕೆ ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅಲ್ಲೇ ನೇತುಹಾಕಿದಂತಾಯಿತು.

ಯೂರೋಪಿನ ಒಕ್ಕೂಟವು ೨೦೨೪ರಲ್ಲಿ ಮಾಡಿದ ಕಾನೂನಿನಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಪೊಲೀಸರು ಆಗಿಂದಾಗಲೇ ಮುಖ ಗುರುತಿಸುವುದನ್ನು ಕೆಲವು ಸಂದರ್ಭಗಳ ಹೊರತು ನಿಷೇಧಿಸಿದೆ. ನಮ್ಮಲ್ಲಿಯೂ ದಾರಿಯಿದೆ. ಸಂವಿಧಾನದಲ್ಲಿ ಪೊಲೀಸ್ ವಿಷಯ ರಾಜ್ಯದ ಪಟ್ಟಿಯಲ್ಲಿದೆ. ವಿಧಾನಸೌಧಕ್ಕೆ ಈ ಬಗ್ಗೆ ಕಾನೂನು ಮಾಡುವ ಅಧಿಕಾರವುಂಟು. ಆಳುವವರನ್ನು ಕೇಳುವ ರೂಢಿಯೂ ನಮಗೆ ಹೊಸದಲ್ಲ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಅದಕ್ಕೆ ಕಾನೂನು ಮಾಡುವ ಹಕ್ಕಿರಲಿಲ್ಲ. ದಿವಾನರ ಮುಂದೆ ತಮ್ಮ ಕಡೆಯ ಕಷ್ಟಗಳನ್ನು ಹೇಳಿಕೊಳ್ಳುವುದಷ್ಟೇ ಸದಸ್ಯರ ಪಾಲಿಗಿತ್ತು. ಇಂದಿನ ಶಾಸಕರ ಕೈಯಲ್ಲಿ ಪ್ರಶ್ನೋತ್ತರದ ವೇಳೆಯಿದೆ, ಆಯವ್ಯಯದ ಮತವಿದೆ, ಸದನದ ಸಮಿತಿಗಳಿವೆ.

ಕಳ್ಳನನ್ನು ಹಿಡಿಯುವ ಗುಟ್ಟನ್ನು ಸಭೆಯಲ್ಲಿ ಬಯಲುಮಾಡಬೇಕಾಗಿಲ್ಲ. ಹೆಸರುಗಳು ಬೇಡ, ಲೆಕ್ಕ ಸಾಕು. ನಿಮ್ಮ ಕ್ಷೇತ್ರದ ಶಾಸಕರು ಸಿಕ್ಕಾಗ ಮೂರು ಮಾತು ಕೇಳಿ. ನಮ್ಮ ಊರಿನ ಕ್ಯಾಮೆರಾಗಳು ಮುಖ ಗುರುತಿಸುತ್ತವೆಯೇ, ಹಾಗಿದ್ದರೆ ಯಾವ ಕಾನೂನಿನ ಮೇಲೆ? ಚಿತ್ರಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಯಂತ್ರ ಎಷ್ಟು ಸಲ ತಪ್ಪಿತೆಂಬ ವಾರ್ಷಿಕ ವರದಿ, ವಿರೋಧ ಪಕ್ಷದವರೂ ಇರುವ ಸಮಿತಿಯೊಂದರ ಮುಂದೆ ಬರುತ್ತದೆಯೇ? ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳಿ. ಹೊರಗೆ ನಾವು ಕೇಳಿದರೆ ತಾನೆ ಅವರು ಒಳಗೆ ಕೇಳುವುದು.