ಅಳಿಸಬಾರದ ಗೆರೆ

ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಬ್ಯಾಟು, ಪದಕ, ಪಂದ್ಯಪತ್ರಿಕೆಗಳನ್ನು ಹುಡುಕಿ ತಂದು ದುರಸ್ತಿಗೊಳಿಸುವುದು ನನ್ನ ಹವ್ಯಾಸ. ಮುಂಬಯಿಯ ಮಳೆಗಾಲದಲ್ಲಿ ಕಾಗದಕ್ಕೂ ಚರ್ಮಕ್ಕೂ ಬೂಷ್ಟು ಹಿಡಿಯುತ್ತದೆ. ಒಣಕುಂಚದಿಂದ ಕೊಡವಿ ನೆರಳಿನಲ್ಲಿ ಆರಿಸಬೇಕು. ಬ್ಯಾಟಿಗೆ ತುಸುವೇ ಅಗಸೆಯೆಣ್ಣೆ ಸಾಕು, ಹಸ್ತಾಕ್ಷರದ ಮೇಲೆ ಅದೂ ಸಲ್ಲದು. ಉಜ್ಜುಕಾಗದ ಹಿಡಿದು ಹೊಳಪೇರಿಸುವವರು ಹೊಸ ಬ್ಯಾಟನ್ನೇ ಕೊಳ್ಳಲಿ!

ನನ್ನಲ್ಲಿರುವ ರಣಜಿ ಪಂದ್ಯಪತ್ರಿಕೆಯೊಂದರಲ್ಲಿ ‘ಮೈಸೂರು’ ಎಂಬ ಅಚ್ಚಿನ ಹೆಸರನ್ನು ಹೊಡೆದುಹಾಕಿ ಯಾರೋ ಪೆನ್ಸಿಲಿನಲ್ಲಿ ‘ಕರ್ನಾಟಕ’ ಎಂದು ಬರೆದಿದ್ದಾರೆ, ಕನ್ನಡ ಲಿಪಿಯಲ್ಲಿ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನ ಸೆಮಿಫೈನಲ್ಲಿನಲ್ಲಿ, ಬೆಂಗಳೂರಿನಲ್ಲಿ, ಸತತ 15 ಬಾರಿ ರಣಜಿ ಗೆದ್ದಿದ್ದ ಮುಂಬಯಿಯನ್ನು ಕರ್ನಾಟಕ ಹಿಂದಿಕ್ಕಿತು. ವಿಶ್ವನಾಥರದು 162 ಓಟ. ಮುಂಬಯಿಯಲ್ಲಿದ್ದ ಕನ್ನಡಿಗ ಅಂದು ಯಾರ ಪರ ಕೈತಟ್ಟಿದನೋ! ಗೆರೆ ಅಳಿಸಿದರೆ ಪುಟ ಶುಭ್ರವಾದೀತೆಂದು ಮಿತ್ರರೊಬ್ಬರು ಸೂಚಿಸಿದರು. ರಬ್ಬರನ್ನು ನಾನು ಮುಟ್ಟಲಿಲ್ಲ.